ಹಾಜರಿ ಮುಗಿದ ಮೇಲೆ

ಅಕ್ಕಿಕಾಳಿನಷ್ಟು ತುಣುಕು,
ಅರಿಶಿನ ನೀರಲ್ಲಿ ಅದ್ದಿದಂತೆ ಹಳದಿ.
ಶೀಶೆಯ ಮೇಲೆ ಕೋಳಿಗಾಲಿನ ಅಕ್ಷರ:
ಪೀರಪ್ಪ, ಮೂವತ್ತೊಂದು, ನೌಬಾದ, ಎಡಗಡೆಯದು.

ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೆರೆದು,
ನೇರಳೆಯಲ್ಲೊಮ್ಮೆ ಗುಲಾಬಿಯಲ್ಲೊಮ್ಮೆ ಮುಳುಗಿಸಿ
ಮೂರನೇ ದಿನ ಗಾಜಿಗೆ ಕಣ್ಣಿಟ್ಟೆ.
ಹೊರಗೆ ಬೆಂಚಿನ ಮೇಲೆ ಅವನು,
ವೆಲ್ಡಿಂಗ್ ಕಿಡಿ ಕಚ್ಚಿದ ಅಂಗಿಯ ತೋಳು.
ಪಕ್ಕದಲ್ಲಿ ಚಂದ್ರಭಾಗಾ,
ಅವಳ ಮಡಿಲಲ್ಲಿ ಅತ್ತೆ ಹೊರಿಸಿದ ಕೈಚೀಲ.
ಚೀಲದ ತುಂಬ ಏಳು ವರ್ಷದ ಕಾಗದ.
ಎಲ್ಲವೂ ಸೊಸೆಯವೇ.

ನೌಬಾದದ ನೆಲದ ಕೆಳಗೆ ಸುರಂಗ ಬಾವಿ ಇದೆಯಲ್ಲ,
ಮೇಲೆ ಎಮ್ಮೆ ಮೇಯುತ್ತವೆ,
ಕೆಳಗೆ ಕತ್ತಲಲ್ಲಿ ನೀರು ನಡೆಯುತ್ತದೆ, ಅಲ್ಲಲ್ಲಿ ಕಿಂಡಿ.
ಹಾಗೇ ಇಲ್ಲೂ.
ಅಡ್ಡ ಕೊಯ್ದ ನಾಳಗಳು, ದುಂಡು ದುಂಡು,
ನಡುವೆ ಓಣಿ,
ಓಣಿಯಲ್ಲಿ ಕಾವಲು.

ಕಾವಲಿನವರ ಕಥೆ ಹೇಳಿದ್ದು ರಫಿಯಾ ಮೇಡಂ,
ಕರೆಂಟು ಹೋದ ಒಂದು ಮಧ್ಯಾಹ್ನ, ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ:
ಅವರು ಮನೆಗಿಂತ ಮೊದಲು ಬಂದವರು.
ಬಸಿರಲ್ಲಿ ಗಂಡೋ ಹೆಣ್ಣೋ ಎಂಬುದು ಗಟ್ಟಿಯಾಗುವ ಹೊತ್ತಿಗೇ
ಎಲ್ಲಿಂದಲೋ ತೇಲಿ ಬಂದು ಬೀಡುಬಿಟ್ಟವರು.
ನೆತ್ತರಿಗೆ ದಾರಿ ಕಡಿದು, ದಾರಿ ತಪ್ಪಿದ ಕೋಶಗಳನ್ನು ನುಂಗಿ,
ಗೋಡೆ ಏಳಲು ನೆಲ ಹಸನು ಮಾಡಿದವರು.
ನುಂಗುವುದೇ ಕಸುಬು.
ಇಲ್ಲಿ ಮಾತ್ರ ಯಾಕೋ ಮೆತ್ತಗಾದರು.

ಎದೆಗೂಡಿನೊಳಗೆ ಒಂದು ಸಾಲಿ ಅದ, ಅಂದರು.
ಕೂಸಿದ್ದಾಗಲೇ ಅಲ್ಲಿ ಹಾಜರಿ:
ಇಂವ ನಮ್ಮವ, ಇಂವ ನಮ್ಮವ,
ಪಟ್ಟಿಯಲ್ಲಿ ಇಲ್ಲದವ ಕಳ್ಳ.
ವೀರ್ಯಾಣು ಹುಟ್ಟುವುದೋ
ಮೀಸೆ ಮೂಡುವ ಹೊತ್ತಿಗೆ,
ಹಾಜರಿ ಮುಗಿದು ಎಷ್ಟೋ ವರ್ಷದ ಮೇಲೆ.
ಸ್ವಂತ ಮಕ್ಕಳು, ಪಟ್ಟಿಯಲ್ಲಿ ಹೆಸರಿಲ್ಲ.

ಅದಕ್ಕೇ ಗೋಡೆ,
ದಾದಿ ಕೋಶಗಳು ತೋಳಿಗೆ ತೋಳು ಹೆಣೆದು ನಿಂತದ್ದು.
ಗೋಡೆಯಾಚೆ ಆ ಹಳೇ ಕಾವಲುಗಾರರು
ಗಂಡಸುತನ ಕುದಿಯುವ ಒಲೆಗೆ ಪುಳ್ಳೆ ಒಡ್ಡುತ್ತ ಕೂತಿರುತ್ತಾರೆ.
ಹೊಸಬನೊಬ್ಬ ಬಂದು ಕತ್ತಿ ಹಿರಿದರೆ
ಮುಂಗೈ ಹಿಡಿದು ಕೂಡಿಸುತ್ತಾರೆ:
ಸುಮ್ಮನಿರು ತಮ್ಮಾ,
ಒಳಗ ಮಕ್ಕಳು ಮಲಗ್ಯಾವ.

ಅರ್ಜಿ ತುಂಬಿಸುವ ದಿನ ಪೀರಪ್ಪನನ್ನು ಕೇಳಿದ್ದೆ:
ಸಣ್ಣವಿದ್ದಾಗ ಗದ್ದಬಾವು ಬಂದಿತ್ತಾ?
'ಸಣ್ಣವ ಅಲ್ಲರೀ. ಹದಿನೇಳಿತ್ತು.
ಗಲ್ಲ ಬಾತಿತ್ತು, ಆಮ್ಯಾಲ ಕೆಳಗ.
ಅವ್ವಗ ಹ್ಯಾಂಗ ಹೇಳ್ಲಿ?
ಡಿಪೋದಾಗ ಕೆಟ್ಟು ನಿಂತ ಬಸ್ಸಿತ್ತು,
ಅದರ ಹಿಂದಿನ ಸೀಟಿನ್ಯಾಗ ಒದ್ದಿ ಟವೆಲ್ ಸುತ್ಕೊಂಡು
ನಾಕು ದಿನ ಮಲಗಿದ್ದೆ.'

ಆ ನಾಲ್ಕು ದಿನ ಊರೆಲ್ಲದ ಪಡೆ ಓಣಿಗೆ ನುಗ್ಗಿತ್ತು.
ಕಳ್ಳನನ್ನು ಹುಡುಕಿಕೊಂಡು ಬಂದವರೇ,
ಅವರದ್ದೂ ತಪ್ಪಿಲ್ಲ.
ಹಳಬರ ಮಾತು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.
ಗೋಡೆ ಬಿತ್ತು.

ಈಗ ಗಾಜಿನ ಮೇಲೆ
ನಾಳ ನಾಳವೂ ಬತ್ತಿದ ಬಾವಿ,
ಒಳಗೆ ಬರೀ ಗುಲಾಬಿ ಕಲ್ಲು.
ಹನ್ನೆರಡು ಎಣಿಸಿದೆ. ಹದಿಮೂರು. ಇಪ್ಪತ್ತು.
ಅತ್ತೆ ಕಿಟಕಿಗೆ ಬಂದಳು: 'ಏನಂತರೀ, ಇಂವಂದು ಬರೋಬ್ಬರಿ ಅದ ಅಲ್ಲಾ?'
ಹೇಳುವುದು ನನ್ನ ಕೆಲಸವಲ್ಲ.
ಗಾಜನ್ನು ಕೂದಲೆಳೆಯಷ್ಟು ಸರಿಸಿದೆ.

ಅಂಚಿನಲ್ಲಿ, ಕೊಯ್ಲಿಗೆ ಇನ್ನೇನು ತಪ್ಪಿಹೋಗುತ್ತಿತ್ತು,
ಒಂದೇ ಒಂದು ದುಂಡು.
ಒಳಗೆ ಸಾಲು ಸಾಲು, ನೇರಳೆ,
ಕಟ್ಟಕಡೆಯ ಸಾಲಿನಲ್ಲಿ ಎಳೆ ಎಳೆ ಬಾಲ.
ಅದರ ಗೋಡೆಗೆ ಬೆನ್ನು ಕೊಟ್ಟು
ಉಬ್ಬಿದ ಹೊಟ್ಟೆಯ ಒಂದು ಕೋಶ,
ನನ್ನ ಬಣ್ಣಕ್ಕೆ ಅದರ ಹೆಸರು ಹೇಳಲು ಬರುವುದಿಲ್ಲ,
ಆದರೂ ಗುರುತು ಸಿಕ್ಕಿತು.
ಹದಿನಾಲ್ಕು ವರ್ಷ.
ಎದ್ದು ಹೋಗಿರಲಿಲ್ಲ.

ಮೇಡಂ ಕಣ್ಣು ತಪ್ಪಬಾರದೆಂದು
ಗಾಜಿನ ಮೇಲೆ ಪಕ್ಕದಲ್ಲೇ ಒಂದು ಮಸಿಚುಕ್ಕಿ ಇಟ್ಟೆ.

ತಲೆ ಎತ್ತಿದರೆ, ಬೆಂಚಿನ ಮೇಲೆ
ಕೈಚೀಲ ಅವನ ಮಡಿಲಲ್ಲಿತ್ತು.
ಅವಳು ಕೊಟ್ಟಳೋ, ಅವನೇ ತೆಗೆದುಕೊಂಡನೋ,
ನಾನು ನೋಡಲಿಲ್ಲ.